ಕತೆಯ ಕೆಳಗೊಂದು ಹೆಸರು

ಹಿಂಜವಾಡಿಯಿಂದ ವಾಕಡ್, ಔಂಧ್ ದಾಟಿ ಪುಣೆಯ ಒಳಕ್ಕೆ ಹೋದರೆ ಗಣೇಶಖಿಂಡ್ ಸಿಗುತ್ತದೆ. ಇವತ್ತು ಅಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯವಿದೆ. ಅದರ ಗೋಪುರದ ಹಳೆಯ ಕಟ್ಟಡ ಒಂದು ಕಾಲಕ್ಕೆ ಮುಂಬಯಿ ಗವರ್ನರರ ಬಂಗಲೆಯಾಗಿತ್ತು. ಅದನ್ನು ಕಟ್ಟಲು ಕೈಹಾಕಿದವರು 1860ರ ದಶಕದಲ್ಲಿ ಗವರ್ನರ್ ಆಗಿದ್ದ ಸರ್ ಬಾರ್ಟಲ್ ಫ್ರೇರ್. ಜನಪದ ಕತೆಗಳ ಚರಿತ್ರೆಯಲ್ಲಿ ಈ ಮನೆತನದ ಹೆಸರು ಉಳಿದಿದ್ದರೆ ಅದಕ್ಕೆ ಕಾರಣ ಅವರ ಮನೆಯ ಒಬ್ಬ ಆಯಾ. ಫ್ರೇರ್ 1865-66ರ ಚಳಿಗಾಲದಲ್ಲಿ ದಕ್ಷಿಣ ಮರಾಠಾ ಸೀಮೆಯ ಪ್ರವಾಸ ಹೊರಟರು. ಬೆಳಗಾವಿ, ಧಾರವಾಡದ ಕಡೆಯ ಕನ್ನಡ ನೆಲವೂ ಸೇರಿದ ಸೀಮೆ ಅದು. ಜೊತೆಗೆ ಇಪ್ಪತ್ತರ ಹರೆಯದ ಮಗಳು ಮೇರಿ. ಡೇರೆಯಲ್ಲಿ ಹೊತ್ತು ಹೋಗದೆ ಆಕೆ ಆಯಾ ಅನ್ನಾ ಲಿಬರಾಟಾ ಡಿಸೋಜಾ ಅವರನ್ನು ಒಂದು ಕತೆ ಹೇಳೆಂದು ಕೇಳಿದರು. ಹಾಗೆ ಕೇಳಿ ಬರೆದುಕೊಂಡ ಕತೆಗಳು 1868ರಲ್ಲಿ ಲಂಡನ್ನಿನಲ್ಲಿ ‘ಓಲ್ಡ್ ಡೆಕ್ಕನ್ ಡೇಸ್’ ಎಂಬ ಪುಸ್ತಕವಾಗಿ ಬಂದವು. ಭಾರತದ ಬಾಯಿಮಾತಿನ ಕತೆಗಳನ್ನು ನೇರ ಕೇಳಿ ಇಂಗ್ಲಿಷಿಗೆ ತಂದ ಪುಸ್ತಕಗಳಲ್ಲಿ ಇದಕ್ಕೇ ಮೊದಲ ಮಣೆ.

ಅನ್ನಾ ಅವರ ಪೂರ್ವಿಕರು ಲಿಂಗಾಯತರು. ಪುಸ್ತಕದಲ್ಲಿ ಅವರೇ ಹೇಳಿಕೊಂಡಂತೆ, ಅವರ ಅಜ್ಜನ ಮನೆತನ ಕಲ್ಲಿಕೋಟೆಯಲ್ಲಿತ್ತು, ಆಮೇಲೆ ಗೋವೆಯ ಹತ್ತಿರ ನೆಲೆಸಿತು. ಅಲ್ಲಿ ಅಜ್ಜ ಕ್ರೈಸ್ತರಾದರು, ಅದಕ್ಕೆ ಸಿಟ್ಟಾದ ಅವರ ತಂದೆ ಎಲ್ಲರನ್ನೂ ಮನೆಯಿಂದ ಹೊರಗೆ ಹಾಕಿದರು. ಅಜ್ಜ ಇಂಗ್ಲಿಷರ ಸೈನ್ಯದಲ್ಲಿ ಹವಾಲ್ದಾರರು. ಟಿಪ್ಪುವಿನ ಮೇಲಿನ ಯುದ್ಧದಲ್ಲಿ ದಂಡು ಹೋದಲ್ಲೆಲ್ಲ ಅಜ್ಜಿಯೂ ನಡೆದರು. ಅನ್ನಾ ಹೇಳಿದ ಕತೆಗಳೆಲ್ಲ ಆ ಅಜ್ಜಿಯ ಬಾಯಿಂದ ಕೇಳಿದವು. ಈ ಮಾತುಗಳು ನಮಗೆ ಸಿಕ್ಕಿರುವುದು ಮೇರಿ ಫ್ರೇರ್ ಮಾಡಿದ ಒಂದು ದೊಡ್ಡ ಕೆಲಸದಿಂದ. ಕತೆಗಳನ್ನು ಬರೆದುಕೊಂಡು ಅವರು ಸುಮ್ಮನಾಗಲಿಲ್ಲ. ಕತೆ ಹೇಳಿದವರ ಬದುಕನ್ನೂ ಅವರದೇ ಮಾತಿನಲ್ಲಿ ಪುಸ್ತಕದ ಆರಂಭದಲ್ಲಿ ಇಟ್ಟರು, ಅವರ ಚಿತ್ರವನ್ನೂ ಹಾಕಿಸಿದರು. ಯಜಮಾನರ ಮನೆಯ ಹುಡುಗಿ, ಕೂಲಿಗಿದ್ದ ಆಯಾ ಎಂಬ ಅಂತರ ಆ ಪುಟಗಳಲ್ಲಿ ಕಾಣದೇ ಇಲ್ಲ. ಆದರೂ ಕತೆಯ ಕೆಳಗೆ ಹೇಳಿದವರ ಹೆಸರು ಇರಬೇಕೆಂಬ ತಿಳಿವಳಿಕೆ ಅಲ್ಲಿದೆ. ಮುಂದಿನ ನೂರು ವರ್ಷ ನಮ್ಮ ಅನೇಕ ಸಂಗ್ರಹಗಳಲ್ಲಿ ಇಲ್ಲದೇ ಹೋದದ್ದು ಅದೇ. ಈ ಕ್ಷೇತ್ರ ಎಷ್ಟು ಬೆಳೆಯಿತೆಂದು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಕಂಡಿಲ್ಲ.

ಅನ್ನಾ ಹೇಳಿದ ಒಂದು ಪುಟ್ಟ ಕತೆಯನ್ನೇ ನೋಡಿ. ಸೂರ್ಯ, ಚಂದ್ರ, ಗಾಳಿ ಮೂವರೂ ಗುಡುಗು ಮಿಂಚುಗಳ ಮನೆಗೆ ಊಟಕ್ಕೆ ಹೋಗುತ್ತಾರೆ. ದೂರದ ನಕ್ಷತ್ರವೊಂದು ಅವರ ತಾಯಿ, ಮನೆಯಲ್ಲಿ ಒಬ್ಬಳೇ ಕಾಯುತ್ತಿದ್ದಾಳೆ. ಸೂರ್ಯನೂ ಗಾಳಿಯೂ ಹೊಟ್ಟೆ ತುಂಬ ತಿಂದು ಬರಿಗೈಯಲ್ಲಿ ಬಂದರು. ಈ ಕತೆಯಲ್ಲಿ ಹೆಣ್ಣಾದ ಚಂದ್ರ ಮಾತ್ರ ಬಡಿಸಿದ್ದರಲ್ಲೆಲ್ಲ ಚೂರು ಚೂರು ಉಗುರಿನ ಸಂದಿಯಲ್ಲಿ ಅಡಗಿಸಿ ತಾಯಿಗೆ ತಂದಳು. ಸೂರ್ಯನ ಬಿಸಿಲಿಗೆ ಜನ ತಲೆ ಮುಚ್ಚಿಕೊಳ್ಳುವುದೂ, ಬೇಸಗೆಯ ಗಾಳಿಯನ್ನು ಶಪಿಸುವುದೂ, ಬೆಳದಿಂಗಳನ್ನು ಹೊಗಳುವುದೂ ಅಂದಿನಿಂದಲೇ. ದಂಡಿನ ಹಿಂದೆ ನಡೆದು ಮಕ್ಕಳನ್ನು ಸಾಕಿದ ಹೆಂಗಸಿನ ಬಾಯಲ್ಲಿ ಈ ಕತೆ ಹೇಗೆ ಕೇಳಿಸಿರಬಹುದು ಎಂದು ಯೋಚಿಸಿದರೆ, ಉಗುರಿನ ಸಂದಿಯ ಆ ತುತ್ತಿನ ಬೆಲೆ ತಿಳಿಯುತ್ತದೆ.

ಅದೇ ಪುಸ್ತಕದಲ್ಲಿ ಗುಬ್ಬಿ ಕಾಗೆಯ ಕತೆಯೂ ಇದೆ. ಮಳೆಗೆ ಕಾಗೆಯ ಮನೆ ಕೊಚ್ಚಿಹೋಗುತ್ತದೆ, ಗುಬ್ಬಿಯ ಮನೆ ಗಟ್ಟಿಯಾಗಿ ನಿಲ್ಲುತ್ತದೆ. ಬಾಗಿಲು ತೆಗೆ ಎಂದರೆ ಗುಬ್ಬಿ ಆಗೊಂದು ಈಗೊಂದು ನೆವ ಹೇಳುತ್ತದೆ. ನಮ್ಮ ಮನೆಗಳಲ್ಲಿ ಇದು ಗುಬ್ಬಕ್ಕ ಕಾಗಕ್ಕನ ಕತೆ. ಮಹಾರಾಷ್ಟ್ರದಲ್ಲಿ ಇದು ಚಿಮಣಿ ಕಾವಳ್ಯಾನ ಕತೆ, ಅಲ್ಲಿ ಕಾಗೆಯ ಮನೆ ಸಗಣಿಯದು, ಗುಬ್ಬಿಯ ಮನೆ ಮೇಣದ್ದು. ಹಿಂಜವಾಡಿಯಲ್ಲಿ ಅಪ್ಪ ಅಮ್ಮ ಇಬ್ಬರೂ ಐಟಿ ಕೆಲಸಕ್ಕೆ ಹೋಗುವ ಕನ್ನಡದ ಮನೆಗಳಲ್ಲಿ ಮಗು ಈ ಕತೆಯನ್ನು ಹಗಲು ಪಾಳಣಾಘರದ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಮನೆಯ, ಮಾವಶಿಯಿಂದ ಮರಾಠಿಯಲ್ಲಿ ಕೇಳುತ್ತದೆ, ರಾತ್ರಿ ಊರಿನ ಅಜ್ಜಿಯಿಂದ ಫೋನಿನಲ್ಲಿ ಕನ್ನಡದಲ್ಲಿ ಕೇಳುತ್ತದೆ. ಎರಡೂ ಒಂದೇ ಕತೆ ಎಂದು ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬರವಣಿಗೆಯ ಕತೆ ಕನ್ನಡಕ್ಕೆ ಬಹಳ ಹಳೆಯದು. ವಡ್ಡಾರಾಧನೆ ಇದೆ, ನಯಸೇನನ ಧರ್ಮಾಮೃತ ಇದೆ. 11ನೆಯ ಶತಮಾನದಲ್ಲಿ ದುರ್ಗಸಿಂಹ ಬರೆದ ಪಂಚತಂತ್ರ ವಿಷ್ಣುಶರ್ಮನದಲ್ಲ, ವಸುಭಾಗಭಟ್ಟನ ಪರಂಪರೆಯದು. ಮೈಸೂರಿನ ವಿದ್ವಾಂಸ ಎ. ವೆಂಕಟಸುಬ್ಬಯ್ಯನವರು ಈ ಪರಂಪರೆಯ ಜಾಡು ಹಿಡಿದು ಜಾವಾದ ತಂತ್ರಿ ಕತೆಗಳವರೆಗೆ ಹೋದರು. ಪಂಚತಂತ್ರದ ಇನ್ನೊಂದು ಕವಲು ಪಹ್ಲವಿ, ಅರಬಿ ಭಾಷೆಗಳ ಮೂಲಕ ಯುರೋಪಿಗೆ ಹೋಯಿತು. ಜರ್ಮನಿಯ ಥಿಯೊಡೋರ್ ಬೆನ್‌ಫೈ 1859ರಲ್ಲಿ ಯುರೋಪಿನ ಕತೆಗಳ ಬಹುಪಾಲು ಭಾರತದಿಂದ ಹೋದವು ಎಂದು ವಾದಿಸಿದರು. ಆ ವಾದವನ್ನು ಈಗ ಯಾರೂ ಇಡಿಯಾಗಿ ಒಪ್ಪುವುದಿಲ್ಲ. ಆದರೆ ಅದರಿಂದಾಗಿ ಪಶ್ಚಿಮದ ಪಂಡಿತರು ನಮ್ಮ ಕತೆಗಳ ಕಡೆ ತಿರುಗಿದ್ದು ನಿಜ.

ಅತ್ತ ಗ್ರಿಮ್ ಸಹೋದರರು 1812ರಲ್ಲಿ ತಮ್ಮ ಮೊದಲ ಸಂಪುಟ ತಂದಿದ್ದರು. ಎರಡನೆಯ ಆವೃತ್ತಿಯಲ್ಲಿ ಡೊರೊಥಿಯಾ ಫೀಮಾನ್ ಎಂಬ ಕತೆಗಾರ್ತಿಯ ಚಿತ್ರ ಹಾಕಿ ಗೌರವಿಸಿದರು. ಆಮೇಲಿನ ಕಾಲ ವರ್ಗೀಕರಣದ್ದು. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಕತೆಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸ್ಟಿತ್ ಥಾಂಪ್ಸನ್ ಅದನ್ನು ಬೆಳೆಸಿದರು. ಈ ಪಟ್ಟಿಯ ಉಪಯೋಗ ದೊಡ್ಡದು. ಅನ್ನಾ ಹೇಳಿದ ‘ಪಂಚ್ಕಿನ್’ ಕತೆಯಲ್ಲಿ ಮಾಂತ್ರಿಕನ ಪ್ರಾಣ ದೂರದ ಗಿಳಿಯೊಂದರಲ್ಲಿದೆ, ರಷ್ಯಾದ ಕೊಶ್ಚೇಯನ ಪ್ರಾಣ ಮೊಟ್ಟೆಯೊಳಗಿನ ಸೂಜಿಯಲ್ಲಿದೆ. ಇಬ್ಬರಿಗೂ 302 ಎಂಬ ಒಂದೇ ಸಂಖ್ಯೆ. ಆದರೆ ಸಂಖ್ಯೆ ಬಂದ ಜಾಗದಲ್ಲಿ ಹೇಳಿದವಳು ಮರೆಯಾದಳು. ಕತೆ ತಾನಾಗಿ ಊರೂರು ತಿರುಗುವ ವಸ್ತುವಾಯಿತು, ಅದನ್ನು ಹೊತ್ತು ತಿರುಗಿದವರು ಲೆಕ್ಕಕ್ಕೆ ಬರಲಿಲ್ಲ.

ಕನ್ನಡದಲ್ಲಿ ಸಂಗ್ರಹ ಶುರುವಾದದ್ದು ಹಾಡಿನಿಂದ. ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಸಂಗೊಳ್ಳಿ ರಾಯಣ್ಣನಂಥವರ ಲಾವಣಿಗಳನ್ನು ಅಚ್ಚು ಮಾಡಿದರು. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಬಿ.ಎಸ್. ಗದ್ದಗಿಮಠರ ಡಾಕ್ಟರೇಟ್ ಕೂಡ ಜನಪದ ಗೀತೆಗಳ ಮೇಲೆಯೇ. ಕತೆಗೆ ಕೊನೆಯ ಪಂಕ್ತಿ. ತ್ರಿಪದಿಯಲ್ಲಿ ನವೋದಯದ ಕವಿಗಳಿಗೆ ತಮ್ಮ ಛಂದಸ್ಸಿನ ಬೇರು ಕಂಡಿತು, ಕತೆಯಲ್ಲಿ ಹಾಗೆ ಕಂಡದ್ದೇನೂ ಇರಲಿಲ್ಲ. ಅಡುಗೂಲಜ್ಜಿ ಕತೆ ಎಂದರೆ ಮಕ್ಕಳನ್ನು ಮಲಗಿಸುವ ಹೆಂಗಸರ ಮಾತು ಎಂಬ ಭಾವನೆ ಪಂಡಿತರಲ್ಲಿ ಗಟ್ಟಿಯಾಗಿತ್ತು. ಇದರಿಂದ ನಾವು ಕಳೆದುಕೊಂಡದ್ದು ಕಡಿಮೆಯಲ್ಲ, ಏಕೆಂದರೆ ಹಾಡಿಗೆ ಮದುವೆ, ಹಬ್ಬ, ಬೀಸುವ ಕಲ್ಲುಗಳ ಆಸರೆಯಿತ್ತು; ಕತೆಗೆ ಇದ್ದದ್ದು ಹೂಂಗುಟ್ಟುವ ಒಂದು ಮಗು ಮಾತ್ರ.

ಆಮೇಲೆ ಕೆಲಸ ನಡೆಯಿತು, ಬೇಕಾದಷ್ಟು ನಡೆಯಿತು. ಉತ್ತರ ಕರ್ನಾಟಕದಲ್ಲಿ ಸಿಂಪಿ ಲಿಂಗಣ್ಣ, ದಕ್ಷಿಣದಲ್ಲಿ ಜೀ.ಶಂ. ಪರಮಶಿವಯ್ಯ ಕತೆಗಳನ್ನು ಸಂಗ್ರಹಿಸಿದರು. ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕ ನಿಲ್ಲಿಸಿದರು. ಇವರ ನಡುವೆ ನಾನು ವಿಶೇಷವಾಗಿ ನೆನೆಯುವುದು ಉತ್ತರ ಕನ್ನಡದ ಎಲ್.ಆರ್. ಹೆಗಡೆಯವರನ್ನು. ಹಾಲಕ್ಕಿ ಒಕ್ಕಲಿಗರು, ಮುಕ್ರಿಯರು ಹೀಗೆ ಕರಾವಳಿಯ ಕೇರಿಕೇರಿಗೆ ಹೋಗಿ, ಆಡಿದ ಮಾತಿನ ರೂಪ ಕೆಡಿಸದೆ ಬರೆದುಕೊಂಡು, ಹೇಳಿದವರ ಹೆಸರನ್ನೂ ಊರನ್ನೂ ಜತೆಗಿಟ್ಟರು. ವಿಶ್ವವಿದ್ಯಾಲಯದ ಹೊರಗೆ ನಿಂತು ಒಬ್ಬರು ಇಷ್ಟು ಮಾಡಿದ್ದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಕನ್ನಡದ ಕತೆಯನ್ನು ಜಗತ್ತಿನ ಮುಂದೆ ತಲೆಯೆತ್ತಿ ನಿಲ್ಲಿಸಿದವರು ಎ.ಕೆ. ರಾಮಾನುಜನ್. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದಾಗಲೇ ಅವರು ಕತೆ ಕೂಡಿಡತೊಡಗಿದ್ದರು. ಆ ದಶಕದ ಕೊನೆಗೆ ಭಾಷಾಶಾಸ್ತ್ರ ಕಲಿಯಲು ಪುಣೆಯ ಡೆಕ್ಕನ್ ಕಾಲೇಜಿಗೆ ಬಂದರು, ಅಲ್ಲಿಂದ ಥಾಂಪ್ಸನ್ನರ ಇಂಡಿಯಾನಾಕ್ಕೇ ಹೋದರು. ಸಂಖ್ಯೆಗಳ ವಿದ್ಯೆ ಕಲಿತರು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅವರು ಪ್ರಸಿದ್ಧಿಗೆ ತಂದ ‘ಹಂಚಿ’ ಕತೆ ಪಟ್ಟಿಯ ಪ್ರಕಾರ ಸಿಂಡರೆಲಾ. ಹೊನ್ನಿನ ಕೂದಲಿನ ಹುಡುಗಿಯ ಮೇಲೆ ಸ್ವಂತ ಅಣ್ಣನ ಕಣ್ಣು ಬೀಳುತ್ತದೆ, ತಾಯಿ ಮಣ್ಣಿನ ಮುಖವಾಡ ಮಾಡಿಸಿ ತೊಡಿಸಿ ಮಗಳನ್ನು ಮನೆಯಿಂದ ಕಳಿಸುತ್ತಾಳೆ. ಮುಖ ಮುಚ್ಚಿಕೊಂಡು ಪರರ ಮನೆಯಲ್ಲಿ ದುಡಿಯುವ ಈ ಹುಡುಗಿಯನ್ನು ಗಾಜಿನ ಚಪ್ಪಲಿಯವಳ ಪಕ್ಕದಲ್ಲಿಟ್ಟು ನೋಡಿ. ಒಂದೇ ಸಂಸಾರದ ಕತೆಗಳಾದರೂ ನಮ್ಮವಳ ಭಯ ಬೇರೆ, ಅವಳ ತಾಯಿಯ ಜಾಣತನ ಬೇರೆ. ಹೆಂಗಸರು ಹೇಳುವ, ಹೆಂಗಸರು ನಡುವಿರುವ ಕತೆಗಳು ರಾಜಕುಮಾರರ ಕತೆಗಳಿಗಿಂತ ಬೇರೆ ಜಾಡಿನವು ಎಂದು ರಾಮಾನುಜನ್ ತೋರಿಸಿಕೊಟ್ಟರು. ಈ ಕ್ಷೇತ್ರಕ್ಕೆ ಕನ್ನಡದಿಂದ ಸಂದ ಅತಿ ದೊಡ್ಡ ಒಳನೋಟ ಇದೇ ಎಂದು ನನ್ನ ನಂಬಿಕೆ.

ಅವರಿಗೆ ಬಹಳ ಪ್ರಿಯವಾದ ಕತೆಯೊಂದರಲ್ಲಿ ಬಡವರ ಮನೆಯ ಹುಡುಗಿ ಮೈಮೇಲೆ ಒಂದು ಕೊಡ ನೀರು ಸುರಿಸಿಕೊಂಡು ಹೂವಿನ ಮರವಾಗುತ್ತಾಳೆ, ಇನ್ನೊಂದು ಕೊಡ ನೀರಿನಿಂದ ಮತ್ತೆ ಹುಡುಗಿಯಾಗುತ್ತಾಳೆ. ಹೂ ಕೀಳುವವರು ಎಲೆ ಮುರಿಯಬಾರದು, ಕೊಂಬೆ ಮುರಿಯಬಾರದು. ಮದುವೆಯಾಗಿ ಹೋದ ಮನೆಯಲ್ಲಿ ನಾದಿನಿ ಕಾಡಿ ಬೇಡಿ ಅವಳನ್ನು ಮರವಾಗಿಸುತ್ತಾಳೆ, ಗೆಳತಿಯರೊಂದಿಗೆ ಕೊಂಬೆಗಳನ್ನು ಮುರಿದು ಹೋಗುತ್ತಾಳೆ. ಅರ್ಧ ಮರ ಅರ್ಧ ಮನುಷ್ಯಳಾಗಿ ಹುಡುಗಿ ಚರಂಡಿಯಲ್ಲಿ ಬಿದ್ದಿರುತ್ತಾಳೆ. 1992ರಲ್ಲಿ ಗಿರೀಶ ಕಾರ್ನಾಡರು ಈ ಕತೆಯನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು, ಪುಣೆಯ ಸೋನಾಲಿ ಕುಲಕರ್ಣಿ ಆ ಪಾತ್ರದಿಂದಲೇ ಚಿತ್ರರಂಗಕ್ಕೆ ಬಂದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನೇ ಆಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಕಾರ್ನಾಡರ ‘ನಾಗಮಂಡಲ’ವೂ ರಾಮಾನುಜನ್ನರಿಂದ ಕೇಳಿದ ಎರಡು ಕತೆಗಳ ಮೇಲೆ ನಿಂತ ನಾಟಕ. 1993ರಲ್ಲಿ ರಾಮಾನುಜನ್ ತೀರಿಕೊಂಡಾಗ ಕನ್ನಡ ಕತೆಗಳ ಪುಸ್ತಕ ಪೂರ್ತಿಯಾಗಿರಲಿಲ್ಲ. ಸ್ಟೂವರ್ಟ್ ಬ್ಲ್ಯಾಕ್‌ಬರ್ನ್, ಅಲನ್ ಡಂಡೆಸ್ ಅದನ್ನು ಸಿದ್ಧಪಡಿಸಿ 1997ರಲ್ಲಿ ಹೊರತಂದರು. ಅದರಲ್ಲಿ 77 ಕತೆಗಳಿವೆ.

ಹೊರಗಿನ ಕತೆಗಳು ಕನ್ನಡಕ್ಕೆ ಬಂದ ದಾರಿ ಬೇರೆ. ‘ಚಂದಮಾಮ’ವನ್ನು ಎಲ್ಲರೂ ಬಲ್ಲರು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯ ಹನ್ನೆರಡು ಸಂಪುಟಗಳು ದೇಶದೇಶದ ಕತೆಗಳನ್ನು ಮಧ್ಯಮ ವರ್ಗದ ಮನೆಗಳಿಗೆ ಮುಟ್ಟಿಸಿದವು. ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ ಅಮರ ಚಿತ್ರಕಥೆಯದು. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಮುತುವರ್ಜಿಯಿಂದ ಅದರ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಅವೆಲ್ಲ ಸಿಂಡರೆಲಾಳಂಥ ಪಶ್ಚಿಮದ ಕಿನ್ನರ ಕತೆಗಳು. ಆಮೇಲೆ ಕಾರ್ಕಳ ಮೂಲದ ಅನಂತ ಪೈ ಇಂಗ್ಲಿಷಿನಲ್ಲಿ ತಂದ ‘ಕೃಷ್ಣ’ನಿಗೆ 11ನೆಯ ಸಂಖ್ಯೆ ಬಂದದ್ದು ಅದರಿಂದಲೇ. ದೇಶದ ಮಕ್ಕಳೆಲ್ಲ ಓದಿದ ಮಾಲೆಯೊಂದು ಕನ್ನಡದಲ್ಲಿ, ಅದೂ ಜಗತ್ತಿನ ಕತೆಗಳಿಂದ ಆರಂಭವಾಯಿತೆಂಬುದು ನಮಗೆ ಹೆಮ್ಮೆಯ ವಿಷಯ.

ಕಳೆದ ಮೂರು ನಾಲ್ಕು ದಶಕಗಳಲ್ಲಿ ಹೇಳುವವರು ಮತ್ತೆ ನಡುಮನೆಗೆ ಬಂದಿದ್ದಾರೆ. ಆರ್ನೆಯ ಫಿನ್ಲೆಂಡಿನಿಂದಲೇ ಬಂದ ಲೌರಿ ಹಾಂಕೊ ಅವರು ನಮ್ಮ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ದಾಖಲಿಸಿದರು. 1998ರಲ್ಲಿ ಅಚ್ಚಾದ ಅದರಲ್ಲಿ 15,683 ಸಾಲುಗಳಿವೆ. ಪುಸ್ತಕದ ಮೇಲೆ ಗೋಪಾಲ ನಾಯ್ಕರ ಹೆಸರಿದೆ. ಶೃಂಗೇರಿಯ ಮನೆಮಾತಿನ ಕತೆಗಳ ಮೇಲೆ 2007ರಲ್ಲಿ ಪುಸ್ತಕ ಬರೆದ ಲೀಲಾ ಪ್ರಸಾದ್, 2020ರ ‘ದಿ ಆಡೇಶಿಯಸ್ ರೇಕಾಂಟರ್’ನಲ್ಲಿ ಅನ್ನಾ ಡಿಸೋಜಾ ಅವರ ಕಡೆಗೇ ತಿರುಗಿದರು. ಗವರ್ನರನ ಮಗಳ ಪುಸ್ತಕದೊಳಗೆ ಆಯಾ ತನ್ನ ಮಾತನ್ನು ಹೇಗೆ ಉಳಿಸಿಕೊಂಡಳೆಂದು ಬಿಡಿಸಿ ಹೇಳಿದರು. 2011ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೋಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯವಾಯಿತು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕತೆಗಳನ್ನು ಯಾರು ಬೇಕಾದರೂ ಕಾಸಿಲ್ಲದೆ ಓದಬಹುದು.

ಇನ್ನೂ ಆಗದಿರುವ ಕೆಲಸ ಹಿಂಜವಾಡಿಯಂಥ ಊರುಗಳದು. ಬಾಗಲಕೋಟೆ, ಬೀದರ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಿಂದ ಬಂದ ಮನೆಗಳು ಇಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿವೆ. ಗಡಿಯ ಆಚೀಚೆಯ ಕತೆಗಳು ಹೀಗೆ ಒಂದೇ ಲಿಫ್ಟಿನಲ್ಲಿ ಹತ್ತಿಳಿಯುವ ಜಾಗ ಸಂಗ್ರಹಕಾರರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ನಮ್ಮ ಹಳೆಯ ಸಂಗ್ರಹಗಳೆಲ್ಲ ಹಳ್ಳಿಯನ್ನು ನೋಡಿದವು, ಊರು ಬಿಟ್ಟು ಬಂದ ಅಜ್ಜಿಯರನ್ನು ನೋಡಲಿಲ್ಲ. ಅನ್ನಾ ಅವರ ಅಜ್ಜಿಯೂ ಊರು ಬಿಟ್ಟವರೇ ಆಗಿದ್ದರು.

ಮೊಮ್ಮಗುವನ್ನು ನೋಡಿಕೊಳ್ಳಲು ನಿಮ್ಮ ತಾಯಿಯೋ ಅತ್ತೆಯೋ ಇಲ್ಲಿಗೆ ಬಂದಿದ್ದರೆ ಅವರು ಹೇಳುವ ಕತೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮಾತನ್ನು ತಿದ್ದಬೇಡಿ, ಮಗುವಿನ ‘ಹೂಂ’ಗಳನ್ನು ಕತ್ತರಿಸಬೇಡಿ. ಶುರುವಿನಲ್ಲೇ ಅವರ ಹೆಸರು, ತವರೂರು, ಆ ಕತೆಯನ್ನು ಯಾರಿಂದ ಕೇಳಿದರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಪಾಳಣಾಘರದ ಮಾವಶಿಯ ಚಿಮಣಿ ಕಾವಳ್ಯಾನ ಕತೆಯನ್ನೂ ಅವರನ್ನು ಕೇಳಿ, ಅವರ ಹೆಸರಿನೊಂದಿಗೆ ಅಜ್ಜಿಯ ಕತೆಯ ಪಕ್ಕದಲ್ಲಿಡಿ.