ವಾದ್ಯದವರು ಹೆಜ್ಜೆ ಹಾಕಿದ ಕಾಲ

ಉಡುಪಿ, ಕಾಪು, ಕಾರ್ಕಳ ಸೀಮೆಯ ದೇವಸ್ಥಾನದ ಮೆರವಣಿಗೆಗಳಲ್ಲಿ ವಾದ್ಯ ಬಾರಿಸುವುದು, ಹೆಜ್ಜೆ ಹಾಕಿ ಕುಣಿಯುವುದು, ಬಿರುದು ಹಿಡಿದು ಮುಂದೆ ನಡೆಯುವುದು ಎಂಬ ಮೂರು ಕೆಲಸಗಳು ಬಹುಕಾಲ ಬೇರೆ ಬೇರೆ ಜನರ ಪಾಲಿಗೆ ಸೇರಿದ್ದವು. ಬಿರುದಾವಳಿ ಎಂದರೆ ದೇವರ ಅಥವಾ ಮಠಾಧೀಶರ ಮುಂದೆ ಸಾಲಾಗಿ ಸಾಗುವ ಕೊಡೆ, ಚಾಮರ, ಪತಾಕೆ, ನಿಶಾನೆ, ಮಕರತೋರಣ, ಬೆಳ್ಳಿಯ ದಂಡ ಮೊದಲಾದ ಮರ್ಯಾದೆಯ ಚಿಹ್ನೆಗಳ ಸಮೂಹ. ಅದನ್ನು ಹಿಡಿದವರು ನಡೆಯುತ್ತಾರೆಯೇ ಹೊರತು ಕುಣಿಯುವುದಿಲ್ಲ. ಉತ್ಸವ ಬಲಿಯಲ್ಲಿ, ಅಂದರೆ ಉತ್ಸವಮೂರ್ತಿಯನ್ನು ತಲೆಯ ಮೇಲೆ ಹೊತ್ತು ಅಂಗಣಕ್ಕೆ ಸುತ್ತು ಬರುವ ವಿಧಿಯಲ್ಲಿ, ಕುಣಿತವಿದೆ. ಆದರೆ ಕುಣಿಯುವವರು ದೇವರನ್ನು ಹೊತ್ತವರು, ಚೆಂಡೆಯವರಲ್ಲ. ಚೆಂಡೆ ಸುತ್ತು, ವಾದ್ಯ ಸುತ್ತು ಎಂದು ಬಲಿಯ ಸುತ್ತುಗಳಿಗೆ ವಾದ್ಯಗಳ ಹೆಸರೇ ಇದ್ದರೂ ಹೊತ್ತವರ ಕಾಲಿನ ಗತಿಯನ್ನು ಗಮನಿಸುತ್ತ ಲಯವನ್ನು ಏರಿಸುವುದು ಇಳಿಸುವುದಷ್ಟೇ ವಾದ್ಯದವರ ಕೆಲಸವಾಗಿತ್ತು.

ಈ ವಿಭಜನೆಯ ಹಿಂದೆ ಜಾತಿಯ ಲೆಕ್ಕವೂ ಭೂಮಿಯ ಲೆಕ್ಕವೂ ಇದ್ದವು. ಈ ಭಾಗದ ದೇವಸ್ಥಾನಗಳಲ್ಲಿ ವಾದ್ಯಸೇವೆ ಪರಂಪರೆಯಿಂದ ದೇವಾಡಿಗ ಸಮುದಾಯಕ್ಕೆ, ಅಂದರೆ ಮೊಯಿಲಿ ಮತ್ತು ಶೇರಿಗಾರ ಎಂಬ ಹೆಸರುಗಳಿಂದಲೂ ಗುರುತಿಸಲ್ಪಡುವವರಿಗೆ, ಸಲ್ಲುತ್ತಿತ್ತೆಂಬುದನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳೂ ದಾಖಲಿಸುತ್ತವೆ. ಸೇವೆಗೆ ಪ್ರತಿಯಾಗಿ ಉಂಬಳಿ, ಎಂದರೆ ಕೆಲಸ ಮಾಡುವವರೆಗೆ ಅನುಭವಿಸಬಹುದಾದ ಭೂಮಿಯ ಹಕ್ಕು, ಅಥವಾ ಅಕ್ಕಿಯ ಪಡಿ ದೊರೆಯುತ್ತಿತ್ತು. ಯಾರು ಯಾವ ವಾದ್ಯವನ್ನು ಯಾವ ಹೊತ್ತಿನಲ್ಲಿ ಎಲ್ಲಿ ನಿಂತು ನುಡಿಸಬೇಕೆಂಬುದು ಹೀಗೆ ಹಕ್ಕೂ ಹೌದು, ಕಟ್ಟುಪಾಡೂ ಹೌದು ಎಂಬಂತಿದ್ದಾಗ, ವಾದ್ಯದವನು ತನ್ನ ಸಾಲು ಬಿಟ್ಟು ಕುಣಿಯತೊಡಗುವುದು ಕಲೆಯ ಪ್ರಶ್ನೆಯಾಗುವ ಮೊದಲು ಶಿಸ್ತಿನ ಪ್ರಶ್ನೆಯಾಗುತ್ತಿತ್ತು. ಯಕ್ಷಗಾನದಲ್ಲಿ ಕೂಡ ಇದೇ ಗೆರೆಯಿದೆ. ಭಾಗವತ, ಮದ್ದಲೆ, ಚೆಂಡೆಗಳ ಹಿಮ್ಮೇಳ ರಂಗದ ಹಿಂದೆ ಸ್ಥಿರವಾಗಿರುತ್ತದೆ, ಗೆಜ್ಜೆ ಕಟ್ಟಿದ ಮುಮ್ಮೇಳ ಎದುರಿಗೆ ಕುಣಿಯುತ್ತದೆ.

ಹಾಗೆಂದು ಬಾರಿಸುತ್ತಲೇ ಕುಣಿಯುವ ಕ್ರಮ ಈ ನೆಲಕ್ಕೆ ಹೊರಗಿನಿಂದ ಬಂದದ್ದೆಂದು ತೀರ್ಮಾನಿಸಿದರೆ ಪಡುಬಿದ್ರಿಯ ಢಕ್ಕೆಬಲಿಯನ್ನೇ ಮರೆತಂತಾಗುತ್ತದೆ. ಈಗ ಕಾಪು ತಾಲೂಕಿಗೆ ಸೇರಿರುವ ಈ ಊರಿನ ಖಡ್ಗೇಶ್ವರೀ ಬ್ರಹ್ಮಸ್ಥಾನದಲ್ಲಿ, ಮರಗಳ ನಡುವೆ ಮರಳು ಹಾಸಿದ ಬಯಲಿನಲ್ಲಿ, ಎರಡು ವರ್ಷಕ್ಕೊಮ್ಮೆ ನಡೆಯುವ ಈ ಆರಾಧನೆಯ ಕೇಂದ್ರದಲ್ಲಿರುವುದು ಢಕ್ಕೆ ಎಂಬ, ನಡು ಕಿರಿದಾದ ಪುಟ್ಟ ಕೈವಾದ್ಯ. ಅದನ್ನು ನುಡಿಸುವವರೇ ಹಾಡುತ್ತಾರೆ, ಅವರೇ ಕುಣಿಯುತ್ತಾರೆ. ಉಡುಪಿ ಸುತ್ತಿನ ನಾಗಮಂಡಲದಲ್ಲಿಯೂ ಹೀಗೆಯೇ. ಐದು ಬಣ್ಣದ ಹುಡಿಗಳಿಂದ ಬರೆದ ಮಂಡಲದ ಸುತ್ತ ಒಂದು ಕಡೆ ಹಿಂಗಾರ, ಅಂದರೆ ಅಡಕೆಯ ಹೂಗೊನೆ, ಹಿಡಿದ ನಾಗಪಾತ್ರಿಯೂ ಇನ್ನೊಂದು ಕಡೆ ಅರ್ಧನಾರಿಯ ವೇಷ ತೊಟ್ಟ ವೈದ್ಯರೂ ಎದುರುಬದುರಾಗುತ್ತಾರೆ. ವೈದ್ಯರು ಎಂದರೆ ಇಲ್ಲಿ ಮದ್ದು ಕೊಡುವವರಲ್ಲ, ವಂಶಪಾರಂಪರ್ಯವಾಗಿ ಢಕ್ಕೆ ಹಿಡಿದು ಈ ಸೇವೆ ಸಲ್ಲಿಸುವ ಬ್ರಾಹ್ಮಣ ಕುಟುಂಬಗಳವರು. ಪಾತ್ರಿ ಮುಂದೊತ್ತಿ ಬಂದಂತೆ ವೈದ್ಯರು ಹಿಂದಕ್ಕೆ ಹೆಜ್ಜೆಯಿಡುತ್ತಾರೆ, ಪಾತ್ರಿ ಸರಿದಂತೆ ಮುಂದಕ್ಕೆ ಬರುತ್ತಾರೆ, ಕೈಯ ಢಕ್ಕೆ ಮಾತ್ರ ನಿಲ್ಲುವುದಿಲ್ಲ. ಢಕ್ಕೆ ಅಂಗೈಗೆ ದಕ್ಕುವಷ್ಟು ಹಗುರವಾಗಿರುವುದರಿಂದಲೇ ಈ ಕುಣಿತ ಸಾಧ್ಯವಾಗಿದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಮುಂದಿನ ಚರಿತ್ರೆಯಲ್ಲಿ ವಾದ್ಯದ ತೂಕವೇ ಹೆಜ್ಜೆಯನ್ನು ನಿರ್ಧರಿಸುವ ಸಂದರ್ಭಗಳು ಮತ್ತೆ ಮತ್ತೆ ಎದುರಾಗುತ್ತವೆ.

ಕುಡುಬಿ ಸಮುದಾಯದ ಹೋಳಿ ಕುಣಿತ ಎರಡನೆಯ ಹಳೆಯ ನಿದರ್ಶನ. ಕೊಂಕಣಿಯ ತಮ್ಮದೇ ಪ್ರಭೇದವನ್ನು ಮಾತನಾಡುವ ಈ ಜನರು ಹೋಳಿ ಹುಣ್ಣಿಮೆಯ ದಿನಗಳಲ್ಲಿ ತಲೆಗೆ ಮುಂಡಾಸು ಸುತ್ತಿ, ಹೂ ಮುಡಿದು, ಗುಮಟೆ ಹಿಡಿದು ಮನೆಯಿಂದ ಮನೆಗೆ ಹೋಗಿ ಅಂಗಳದಲ್ಲಿ ವೃತ್ತಾಕಾರವಾಗಿ ಕುಣಿಯುತ್ತಾರೆ. ಗುಮಟೆ ಎರಡೂ ಕಡೆ ಬಾಯಿಯಿರುವ ಮಣ್ಣಿನ ಕೊಡ. ಅದರ ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಚಿಕ್ಕ ಬಾಯಿ ತೆರೆದಿರುತ್ತದೆ. ಒಂದು ಕೈ ಚರ್ಮವನ್ನು ಬಡಿಯುವಾಗ ಇನ್ನೊಂದು ಅಂಗೈ ತೆರೆದ ಬಾಯನ್ನು ಮುಚ್ಚಿ ಬಿಟ್ಟು ಮಾಡುವುದರಿಂದ ಒಳಗಿನ ಗಾಳಿ ಕಂಪಿಸಿ ನಾದ ಏರಿಳಿಯುತ್ತದೆ. ಎರಡೂ ಕೈಗಳಿಗೆ ಬಿಡುವಿಲ್ಲದ ಈ ವಾದ್ಯವನ್ನು ಹಿಡಿದವರು ಬಾಗಿ, ತಿರುಗಿ, ಹಾಡಿಗೆ ದನಿಗೂಡಿಸುತ್ತ ಸುತ್ತುವುದು ಸಣ್ಣ ಸಾಧನೆಯಲ್ಲ. ಹಿಂದೆ ಗುಮಟೆಗೆ ಉಡದ ಚರ್ಮ ಹಾಕುವುದು ವಾಡಿಕೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಅದು ಅಪರಾಧವಾಯಿತು. ನೆರೆಯ ಗೋವಾ ತನ್ನ ಘುಮಟವನ್ನು, ಆಡಿನ ಚರ್ಮದೊಂದಿಗೆ, 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು.

ಇವೆರಡರಲ್ಲಿಯೂ ಬಾರಿಸುವವನು ಕುಣಿಯುವುದು ಗೌರವದ ಕೆಲಸ. ಕೊರಗರ ಡೋಲಿನ ಕತೆ ಹಾಗಿಲ್ಲ. ಮರದ ಉದ್ದನೆಯ ಡೋಲುಗಳನ್ನು ಬಾರಿಸಿ, ಕೊಳಲೂದಿ, ಸುತ್ತುಗಟ್ಟಿ ಕುಣಿಯುವ ಶ್ರೀಮಂತ ಪರಂಪರೆಯಿದ್ದ ಈ ಆದಿವಾಸಿ ಸಮುದಾಯವನ್ನು ಅಸ್ಪೃಶ್ಯತೆಯ ಅತ್ಯಂತ ಕ್ರೂರ ರೂಪಕ್ಕೆ ಗುರಿಪಡಿಸಿದ ಸಮಾಜವೇ ಅವರ ವಾದ್ಯವನ್ನು ತನ್ನ ಜಾತ್ರೆ, ಕೋಲ, ಕಂಬಳಗಳಿಗೆ ಬಿಟ್ಟಿಯಾಗಿ ಬಳಸಿಕೊಂಡಿತು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಚಳಿಯಲ್ಲಿ ಕುಳಿತು ಬೆಳಗಿನವರೆಗೆ ಡೋಲು ಬಾರಿಸುತ್ತ ಹಾಡುತ್ತ ಕುಣಿಯುವ ಕಟ್ಟಳೆಗೆ ತುಳುವಿನಲ್ಲಿ ಪನಿಕುಲ್ಲುನಿ ಎಂದು ಹೆಸರಿತ್ತು. ಅಲ್ಲಿ ಕುಣಿತ ಸಂತೋಷದ ಹೊರಚೆಲ್ಲುವಿಕೆಯಾಗಿರದೆ ಹೇರಿದ ಊಳಿಗವಾಗಿತ್ತು. ಕರ್ನಾಟಕ ಸರ್ಕಾರ 2000ದಲ್ಲಿ ತಂದ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ, ಕೂದಲು ಉಗುರು ಬೆರೆಸಿದ ಆಹಾರವನ್ನು ತಿನ್ನಿಸುವುದನ್ನೂ ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದನ್ನೂ ಹೆಸರಿಸಿ ನಿಷೇಧಿಸಬೇಕಾಯಿತೆಂಬುದು ಆ ಊಳಿಗದ ಸ್ವರೂಪವನ್ನು ತಿಳಿಸುತ್ತದೆ. ಜಾನಪದ ಗ್ರಂಥಗಳು ಡೋಲಿನ ಗತ್ತನ್ನು ವರ್ಣಿಸುವಷ್ಟು ಉತ್ಸಾಹದಿಂದ ಈ ಹಿನ್ನೆಲೆಯನ್ನು ಹೇಳದಿರುವುದು ಅವುಗಳ ದೊಡ್ಡ ಕೊರತೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲಸಗಳನ್ನು ಜಾತಿಗೆ ಕಟ್ಟಿಹಾಕಿದ್ದ ಈ ವ್ಯವಸ್ಥೆ ಹಲವು ಕಡೆಗಳಿಂದ ಸಡಿಲಗೊಂಡಿತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕರಾವಳಿಯ ಗೇಣಿ ಪದ್ಧತಿಯನ್ನು ಕೊನೆಗಾಣಿಸಿ ದೇವಸ್ಥಾನಗಳ ಗೇಣಿಯ ಅಕ್ಕಿಯನ್ನೂ ನಿಲ್ಲಿಸಿದಾಗ, ಅಕ್ಕಿಯ ಪಡಿಯನ್ನು ನಂಬಿದ್ದ ಸೇವೆಗಳು ನಗದು ಸಂಬಳಕ್ಕೆ ತಿರುಗಿದವು ಅಥವಾ ತಪ್ಪಿಹೋದವು. ಹೋಟೆಲು ಕೆಲಸಕ್ಕಾಗಿ ಮುಂಬಯಿಗೆ ಹೋದ ತರುಣರ ಸಂಖ್ಯೆಯೂ ದೊಡ್ಡದು. ಇನ್ನೊಂದು ಕಡೆಯಲ್ಲಿ ಕಲಿಕೆಯೇ ಜಾತಿಯ ಅಂಗಳದಿಂದ ಹೊರಬಂದಿತು. ಮಣಿಪಾಲದ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿದ ಡಾ. ಟಿ. ಎಂ. ಎ. ಪೈಯವರು 1949ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಯಕ್ಷಗಾನ ಕೇಂದ್ರವೂ 1980ರ ದಶಕದಲ್ಲಿ ಜನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರವೂ ಬೆಳೆದವು. ಚೆಂಡೆ, ಮದ್ದಲೆ, ಹೆಜ್ಜೆಗಳನ್ನು ಒಂದೇ ಸೂರಿನಡಿ ಯಾವ ಮನೆತನದ ಹುಡುಗನಾದರೂ ಕಲಿಯಬಹುದೆಂಬ ಸ್ಥಿತಿ ಬಂದದ್ದು ಮೇಳದ ಒಳಗೆ ಗೆರೆಯನ್ನು ಅಳಿಸದಿದ್ದರೂ ಹೊರಗೆ ಅದನ್ನು ತೆಳುವಾಗಿಸಿತು. ಕವಾಯತಿನ ಬ್ಯಾಂಡ್ ಸೆಟ್ಟು, ಅಂದರೆ ಬೇಸ್ ಡ್ರಮ್ಮು, ಸೈಡ್ ಡ್ರಮ್ಮು, ಬ್ಯೂಗಲುಗಳ ಕೂಟ, ಶಾಲೆ ಮತ್ತು ಎನ್‌ಸಿಸಿಯ ಮೂಲಕ ಮಕ್ಕಳಿಗೆ ಬಾರಿಸುತ್ತ ಒಟ್ಟಿಗೆ ಕಾಲು ಹಾಕುವುದನ್ನು ಕಲಿಸಿತು. ಅದು ಕುಣಿತವಲ್ಲ, ನಿಜ. ಆದರೂ ವಾದ್ಯ ಕಟ್ಟಿಕೊಂಡು ಸಾಲು ತಪ್ಪದೆ ತಿರುಗುವ ಅಭ್ಯಾಸ ಜಾತಿಯ ಹಂಗಿಲ್ಲದ ತರುಣರಿಗೆ ದೊರೆತದ್ದು ಅಲ್ಲಿಯೇ.

ಹೀಗೆ ತೆರವಾದ ಜಾಗಕ್ಕೆ ದಕ್ಷಿಣದಿಂದ ಸಿಂಗಾರಿ ಮೇಳವೂ ಉತ್ತರದ ಹೆಸರು ಹೊತ್ತ ನಾಸಿಕ್ ಬ್ಯಾಂಡೂ ಬಂದವು. ಕೇರಳದ ದೇವಸ್ಥಾನಗಳ ಪಾಂಡಿ, ಪಂಚಾರಿ ಮೇಳಗಳಲ್ಲಿ ಚೆಂಡೆಯವರು ಹಿರಿತನದ ಕ್ರಮದಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಪಂಚಾರಿಯ ಮೊದಲ ಕಾಲದ ಆವರ್ತನ 96 ಅಕ್ಷರಗಳಷ್ಟು ದೀರ್ಘ. ಅದು 48, 24, 12, 6 ಎಂದು ಅರ್ಧರ್ಧವಾಗಿ ಕುಗ್ಗುತ್ತ ವೇಗವನ್ನು ಏರಿಸಿಕೊಳ್ಳುವುದರಿಂದ ಬಾರಿಸುವವನ ಇಡೀ ಗಮನ ಕೈಯಲ್ಲಿಯೇ ಇರಬೇಕಾಗುತ್ತದೆ. ಸಿಂಗಾರಿ ಮೇಳ ಈ ದೀರ್ಘ ಆವರ್ತನವನ್ನು ಬಿಟ್ಟುಕೊಟ್ಟು, ಮರುಕಳಿಸುವ ಚಿಕ್ಕ ಗತಿಗಳನ್ನು ಹಿಡಿದು, ಅದಕ್ಕೆ ಬದಲಾಗಿ ಕಾಲನ್ನು ಗಳಿಸಿಕೊಂಡಿತು. ಹೆಗಲಿನಿಂದ ಇಳಿಬಿಟ್ಟ ಚೆಂಡೆ ದೇಹ ಬಾಗಿದಾಗ ತೂಗಿ ಕೋಲಿನಿಂದ ದೂರವಾಗುತ್ತದೆ. ಆದ್ದರಿಂದ ಮೇಳದವರು ಬಾಗುವುದು, ತಿರುಗುವುದು, ಕುಪ್ಪಳಿಸುವುದನ್ನೆಲ್ಲ ಪೆಟ್ಟುಗಳ ನಡುವಿನ ಬಿಡುವಿಗೆ ಹೊಂದಿಸಿಕೊಳ್ಳುತ್ತಾರೆ, ತಾಳ ಹಿಡಿದವರು ಆ ಬಿಡುವನ್ನು ತುಂಬುತ್ತಾರೆ. ಲಯದ ಸೂಕ್ಷ್ಮ ಹಾಳಾಯಿತೆಂಬ ಸಂಪ್ರದಾಯಸ್ಥರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ನಿಂತು ಕೇಳುವ ಮೇಳವನ್ನೂ ನಡೆಯುತ್ತ ನೋಡಿಸುವ ಮೇಳವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕಾಸರಗೋಡಿನಿಂದ ಉಡುಪಿಯವರೆಗೆ ಈಗ ಕಾಣುವ ಚೆಂಡೆ ಬಳಗಗಳು ಬಹುಮಟ್ಟಿಗೆ ಇದೇ ಮಾದರಿಯವು, ಮತ್ತು ಅವುಗಳಲ್ಲಿ ಮಹಿಳೆಯರದೇ ತಂಡಗಳಿವೆ. ದೇವಸ್ಥಾನದ ಚೆಂಡೆಗೆ ಕೈಹಚ್ಚಲು ಅವಕಾಶವಿಲ್ಲದಿದ್ದ ಹೆಂಗಸರು ಸಮವಸ್ತ್ರದ ಸೀರೆಯುಟ್ಟು ರಥಬೀದಿಯಲ್ಲಿಯೇ ಅದನ್ನು ಬಾರಿಸಿ ಹೆಜ್ಜೆ ಹಾಕುವಂತಾದದ್ದು ಈ ಚರಿತ್ರೆಯ ಬಹುದೊಡ್ಡ ಬದಲಾವಣೆ.

ನಾಸಿಕ್ ಬ್ಯಾಂಡಿನ ಮೂಲ ಮಹಾರಾಷ್ಟ್ರದ ಢೋಲ್ ತಾಶಾ ವಾದ್ಯಕೂಟದಲ್ಲಿದೆ. ನಾಸಿಕ್ ಡೋಲು ಕೇರಳದಲ್ಲಿಯೂ ಹರಡಿರುವುದರಿಂದ ಅದು ಮುಂಬಯಿಯ ತುಳುವರ ಕೈಯಿಂದಲೇ ಊರಿಗೆ ಬಂದಿತೆಂದು ಹೇಳುವುದು ಅವಸರವಾದೀತು. ಇದರ ತಾಶಾ ಉಡುಪಿಗೆ ಹೊಸತೇನಲ್ಲ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಲ್ಲಿ ಹುಲಿವೇಷಗಳ ಜೊತೆಗೆ ಕೇಳುವ ತಾಸೆ, ಅಂದರೆ ಬಟ್ಟಲಿನಾಕಾರದ ಮೈಗೆ ಚರ್ಮ ಬಿಗಿದು ಎರಡು ತೆಳು ಕೋಲುಗಳಿಂದ ಬಾರಿಸುವ ವಾದ್ಯ, ಅದೇ ಕುಲದ್ದು. ಸ್ವಾರಸ್ಯವೆಂದರೆ ಹುಲಿವೇಷದಲ್ಲಿ ಹಳೆಯ ವಿಭಜನೆ ಇಂದಿಗೂ ಗಟ್ಟಿಯಾಗಿದೆ. ಹುಲಿ ಲಾಗ ಹಾಕುವಾಗ, ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆಸೆಯುವಾಗ, ತಾಸೆಯವರು ಕದಲದೆ ನಿಂತು ಪೆಟ್ಟಿನ ಬಿರುಸನ್ನು ಬದಲಿಸುತ್ತಾರೆ. ವೇಷದ ಮೈಯಲ್ಲಿ ಅಷ್ಟು ಚಲನೆಯಿರುವಾಗ ವಾದ್ಯದವರೂ ಕುಣಿದರೆ ನೋಡುವ ಕಣ್ಣಿಗೆ ನೆಲೆ ಸಿಗುವುದಿಲ್ಲ.

ಇನ್ನು ಬಿರುದು ಬಾವುಟಗಳನ್ನು ಹಿಡಿದವರ ವಿಷಯಕ್ಕೆ ಬಂದರೆ, ಅಮೆರಿಕದ ಶಾಲಾ ಬ್ಯಾಂಡುಗಳ ಚರಿತ್ರೆ ಹೋಲಿಕೆಗೆ ಒದಗುತ್ತದೆ. ಅಲ್ಲಿ ಕಲರ್ ಗಾರ್ಡ್ ಎಂದರೆ ಮೂಲತಃ ಸೈನ್ಯದ ತುಕಡಿಯ ಧ್ವಜವನ್ನು ಕಾಯುವ ಪಡೆ. ಮೊದಲ ಮಹಾಯುದ್ಧದ ನಂತರ ನಿವೃತ್ತ ಯೋಧರ ಸಂಘಗಳು ಕಟ್ಟಿದ ಡ್ರಮ್ ಮತ್ತು ಬ್ಯೂಗಲ್ ತಂಡಗಳಲ್ಲಿ ಅದು ಮೆರವಣಿಗೆಯ ಅಂಗವಾಯಿತು. 1972ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನ ಮೊದಲ ಸ್ಪರ್ಧೆ ನಡೆದು, 1977ರಲ್ಲಿ ಒಳಾಂಗಣ ಕಲರ್ ಗಾರ್ಡ್‌ಗೆಂದೇ ಪ್ರತ್ಯೇಕ ಸಂಸ್ಥೆ ಹುಟ್ಟಿದ ಮೇಲೆ ಬಾವುಟ ಬೀಸುವುದು ಪೂರ್ಣ ಪ್ರಮಾಣದ ನೃತ್ಯವಾಯಿತು, ಚಿಕ್ಕ ಶಾಲೆಗಳಲ್ಲಿ ತುತ್ತೂರಿಯವರೇ ವಾದ್ಯ ಕೆಳಗಿಟ್ಟು ಬಾವುಟ ಹಿಡಿಯುವ ರೂಢಿಯೂ ಬಂದಿತು. ಭಾರತದಲ್ಲಿ ಇದಕ್ಕೆ ಸಮೀಪವಾದದ್ದು ಪುಣೆಯ ಢೋಲ್ ತಾಶಾ ಪಥಕಗಳ ಧ್ವಜಧಾರಿಗಳು. ಕರ್ನಾಟಕದಲ್ಲಿ ಹಳೆಯ ಮೈಸೂರು ಸೀಮೆಯ ಪಟ ಕುಣಿತವಿದೆ, ಅಲ್ಲಿ ಬಣ್ಣದ ಬಟ್ಟೆ ಸುತ್ತಿದ ಎತ್ತರದ ಗಳುವನ್ನು ಹೊತ್ತವರೇ ಕುಣಿಯುತ್ತಾರೆ. ಡೊಳ್ಳನ್ನು ಎದೆಗೆ ಕಟ್ಟಿ ಕುಣಿಯುವ ಘಟ್ಟದ ಮೇಲಿನ ತಂಡಗಳು ಉಡುಪಿಯ ಮೆರವಣಿಗೆಗಳಿಗೆ ಈಗ ಪರಿಚಿತ.

ಕೊರಗರ ಡೋಲು ಮಾತ್ರ ಬೇರೊಂದು ದಾರಿಯಲ್ಲಿ ಬೀದಿಗೆ ಬಂದಿತು. 1993ರ ಆಗಸ್ಟ್ 18ರಂದು ಮಂಗಳೂರಿನಲ್ಲಿ ಭೂಮಿಯ ಹಕ್ಕಿಗಾಗಿ ನಡೆದ ಮೆರವಣಿಗೆಯ ನೆನಪಿಗೆ ಸಮುದಾಯ ಪ್ರತಿವರ್ಷ ಆಚರಿಸುವ ಭೂಮಿ ಹಬ್ಬದಲ್ಲಿ ಡೋಲು ಬಾರಿಸಿ ಕುಣಿಯುವವರು ಯಾರ ಅಪ್ಪಣೆಗೂ ಕಾಯುವುದಿಲ್ಲ. ಅವಮಾನದ ಗುರುತಾದ ಡೋಲನ್ನು ಕೈಬಿಡಬೇಕೆಂಬ ನಿಲುವೂ ಅದನ್ನು ಕಲೆಯಾಗಿ ಸಂಭಾವನೆ ಪಡೆದು ನುಡಿಸಬೇಕೆಂಬ ನಿಲುವೂ ಸಮುದಾಯದೊಳಗೆ ಇವೆ, ಮತ್ತು ಆ ತೀರ್ಮಾನ ಅವರದೇ.

ಇಷ್ಟೆಲ್ಲ ಬದಲಾದರೂ ಕರಾವಳಿಯ ಬಿರುದು ಕುಣಿಯಲು ಕಲಿತಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ, ಕೃಷ್ಣಮಠದ ಪೂಜೆಯ ಸರದಿ ವಹಿಸಿಕೊಂಡು ಪೀಠವೇರುವ ಸ್ವಾಮೀಜಿ ಕಾಪುವಿನ ದಂಡತೀರ್ಥದಲ್ಲಿ ಮಿಂದು ಉಡುಪಿಯ ಜೋಡುಕಟ್ಟೆಗೆ ಬಂದ ಬಳಿಕ ಹೊರಡುವ ಪರ್ಯಾಯ ಮೆರವಣಿಗೆಯಲ್ಲಿ ಚೆಂಡೆ ಬಳಗ, ಡೊಳ್ಳು, ಬ್ಯಾಂಡುಗಳು ಕುಣಿಯುತ್ತ ಸಾಗುತ್ತವೆ, ಬಿರುದಾವಳಿ ಮಾತ್ರ ನಡೆಯುತ್ತದೆ. ಶೋಭಾಯಾತ್ರೆಗಳಲ್ಲಿ ಬಾವುಟ ಬೀಸಿ ಕುಣಿಯುವ ತರುಣರಿದ್ದಾರೆ, ಆದರೆ ಅವರು ಮೆರವಣಿಗೆಗೆ ಸೇರಿಕೊಂಡವರು, ತಂಡದವರಲ್ಲ. ಕಾರಣ ಬಹುಶಃ ಒಡೆತನದಲ್ಲಿದೆ. ಚೆಂಡೆ ಬಳಗದ ಚೆಂಡೆ ಬಳಗದ್ದೇ ಆಗಿದ್ದು, ಮುಂಗಡ ಕೊಟ್ಟವರ ಮನೆಯ ಮದುವೆಗೂ ಊರಿನ ಗಣೇಶೋತ್ಸವಕ್ಕೂ ಅದೇ ವಾದ್ಯ ಹೋಗುತ್ತದೆ. ನಿಶಾನೆ, ಮಕರತೋರಣಗಳು ಮಠದ ಅಥವಾ ದೇವಸ್ಥಾನದ ಸೊತ್ತು, ಅವು ಬಾಡಿಗೆಗೆ ಸಿಗುವುದಿಲ್ಲ. ಉತ್ಸವ ಮುಗಿದ ಮೇಲೆ ಅವನ್ನು ಎಣಿಸಿ ಉಗ್ರಾಣದೊಳಗಿಟ್ಟು ಬೀಗ ಹಾಕುತ್ತಾರೆ.