ಐಹೊಳೆಯ ಶಾಸನವೂ ಮೂರು ಜಿಲ್ಲೆಗಳೂ

ಶಾಸನಗಳನ್ನು ವ್ಯಾಸಂಗಮಾಡುವವರು ಲಿಪಿ, ಭಾಷೆ, ಕಾಲಗಳ ವಿಷಯದಲ್ಲಿ ವಹಿಸುವಷ್ಟು ಎಚ್ಚರವನ್ನು ಸ್ಥಳನಿರ್ದೇಶದ ವಿಷಯದಲ್ಲಿ ವಹಿಸುವುದು ವಿರಳ. ಇದರಿಂದುಂಟಾಗುವ ತೊಡಕಿಗೆ ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನವೇ ನಿದರ್ಶನವಾಗಿದೆ. ಶಕ ೫೫೬, ಎಂದರೆ ಕ್ರಿ. ಶ. ೬೩೪ರ ಈ ಶಾಸನವನ್ನು ಫ್ಲೀಟ್ ಮಹಾಶಯರು ೧೮೭೬ರಲ್ಲಿ ಪ್ರಕಟಿಸಿದಾಗ ಆ ಗ್ರಾಮವು ಕಲಾದಗಿ ಜಿಲ್ಲೆಯಲ್ಲಿದ್ದಿತು. ೧೯೦೦ರ ಸುಮಾರಿಗೆ ಕೀಲ್‌ಹಾರ್ನ್ ಪಂಡಿತರು ಅದನ್ನು ಪರಿಷ್ಕರಿಸಿದಾಗ ಬಿಜಾಪುರ ಜಿಲ್ಲೆಗೆ ಸೇರಿದ್ದಿತು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಶಿಲೆಯು ಇದ್ದೆಡೆಯಲ್ಲಿಯೇ ಇದೆ. ಜಿಲ್ಲೆಯ ಹೆಸರು ಮಾತ್ರ ಎರಡು ಬಾರಿ ಮಾರ್ಪಟ್ಟಿತು.

ಈ ಪ್ರಾಂತದ ಸೀಮೆಗಳು ಮೊದಲಿನಿಂದಲೂ ಸ್ಥಿರವಾಗಿದ್ದುವಲ್ಲ. ಸಿಂದರ ಶಾಸನಗಳಲ್ಲಿ ಕಿಸುಕಾಡು ಎಪ್ಪತ್ತು, ಬಾಗಡಗೆ ಎಪ್ಪತ್ತು, ಕೆಳವಾಡಿ ಮುನ್ನೂರು ಎಂಬ ನಾಡುಗಳು ಕಂಡುಬರುತ್ತವೆ. ಬಾಗಡಗೆಯೆಂಬುದೇ ಇಂದಿನ ಬಾಗಲಕೋಟೆ. ಆಂಗ್ಲರ ಆಳ್ವಿಕೆಯಲ್ಲಿ ೧೮೬೪ರಲ್ಲಿ ಕಲಾದಗಿ ಜಿಲ್ಲೆಯು ರಚಿತವಾಯಿತು. ೧೮೮೫ರಲ್ಲಿ ಅದರ ಮುಖ್ಯಸ್ಥಾನವು ಬಿಜಾಪುರಕ್ಕೆ ಹೋಗಲು ಜಿಲ್ಲೆಗೂ ಅದೇ ಹೆಸರಾಯಿತು. ಘಟಪ್ರಭೆಯ ತೀರದ ಕಲಾದಗಿಯು ಕಚೇರಿಗಳನ್ನು ಕಳೆದುಕೊಂಡು ಸಾಮಾನ್ಯ ಗ್ರಾಮವಾಗಿ ಉಳಿಯಿತು. ಜಮಖಂಡಿ, ಮುಧೋಳ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ೧೯೫೬ರಲ್ಲಿ ಸಮಗ್ರ ಪ್ರದೇಶವು ಮೈಸೂರು ರಾಜ್ಯವನ್ನು ಸೇರಿತು.

೧೯೯೭ನೆಯ ಆಗಸ್ಟ್ ೧೫ರಂದು ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಜಮಖಂಡಿ, ಮುಧೋಳ ಎಂಬ ಆರು ತಾಲೂಕುಗಳಿಂದ ಬಾಗಲಕೋಟೆ ಜಿಲ್ಲೆಯಾಯಿತು. ಇದನ್ನು ಕಲಾದಗಿ ಜಿಲ್ಲೆಯ ಪುನರುದ್ಧಾರವೆಂದು ಹೇಳುವುದು ಸಮಂಜಸವಲ್ಲ. ಕಲಾದಗಿ ಜಿಲ್ಲೆಯು ಕೃಷ್ಣೆಯ ಉಭಯತೀರಗಳನ್ನೂ ಒಳಗೊಂಡಿದ್ದಿತು. ಜಮಖಂಡಿ, ಮುಧೋಳಗಳಾದರೋ ಆಗ ಅದರ ಹೊರಗಿದ್ದುವು. ಅನಂತರ ೨೦೧೭ರ ಮುಂಗಡಪತ್ರದ ಘೋಷಣೆಯಂತೆ ೨೦೧೮ರಲ್ಲಿ ಹುನಗುಂದದಿಂದ ಇಳಕಲ್ಲೂ ಬಾದಾಮಿಯಿಂದ ಗುಳೇದಗುಡ್ಡವೂ ಪ್ರತ್ಯೇಕ ತಾಲೂಕುಗಳಾದುವು.

ಅನ್ಯದೇಶಗಳಲ್ಲಿ ಇದಕ್ಕೆ ವಿಪರೀತವಾದ ಕ್ರಮವೂ ಉಂಟು. ಉಕ್ರೇನ್ ದೇಶದಲ್ಲಿ ರಯೋನ್ ಎಂಬ ೪೯೦ ಉಪವಿಭಾಗಗಳನ್ನು ೨೦೨೦ರಲ್ಲಿ ಒಟ್ಟುಗೂಡಿಸಿ ೧೩೬ಕ್ಕೆ ಇಳಿಸಿದರು. ಒಡೆಯಲಿ, ಕೂಡಿಸಲಿ, ಹಳೆಯ ಗ್ರಂಥಗಳಲ್ಲಿಯ ಸ್ಥಳನಿರ್ದೇಶವು ಹೊಸ ಓದುಗನಿಗೆ ದುರ್ಬೋಧವಾಗುವುದು ಎರಡೂ ಕಡೆ ಸಮಾನವೇ.

ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿದೆ. ಆಲಮಟ್ಟಿಯ ಜಲಾಶಯದಿಂದ ನದೀತೀರದ ಗ್ರಾಮಗಳೂ ಬಾಗಲಕೋಟೆ ಪಟ್ಟಣದ ಬಹುಭಾಗವೂ ಮುಳುಗಡೆಗೆ ಒಳಗಾಗಿ, ಜನರು ನವನಗರವೇ ಮೊದಲಾದ ಎಡೆಗಳಲ್ಲಿ ನೆಲೆಸಬೇಕಾಯಿತು. ಊರು ಎದ್ದುಹೋದರೆ ಅದರ ಹೆಸರೂ ಹೊಸ ನೆಲೆಗೆ ಹೋಗುತ್ತದೆ. ಹೀಗಿರಲು ಶಾಸನದಲ್ಲಿ ಹೇಳಿದ ಎಲ್ಲೆ, ಹಳ್ಳ, ಕೆರೆಗಳನ್ನು ಹೊಸ ಊರಿನ ಸುತ್ತ ಹುಡುಕುವವನು ಮೋಸಹೋಗದಿರುವನೇ?

ಆದುದರಿಂದ ಶಾಸನವನ್ನು ಉದಾಹರಿಸುವವರು ಗ್ರಾಮದ ಹೆಸರನ್ನೂ, ಅದು ದೊರೆತ ಗುಡಿ ಅಥವಾ ಹೊಲವನ್ನೂ, ಮೊದಲ ಪ್ರಕಟನೆಯ ಕಾಲದ ತಾಲೂಕು ಜಿಲ್ಲೆಗಳನ್ನೂ, ಈಗಿನವುಗಳನ್ನೂ ವರ್ಷಸಹಿತವಾಗಿ ಬರೆಯುವುದು ಯುಕ್ತ. ಹಳೆಯ ಸಂಪುಟಗಳನ್ನು ಪುನರ್ಮುದ್ರಿಸುವಾಗ ಪೂರ್ವದ ಹೆಸರನ್ನು ಅಳಿಸಿ ಹೊಸದನ್ನು ಸೇರಿಸಬಾರದು, ಎರಡನ್ನೂ ಉಳಿಸಬೇಕು. ಬಾದಾಮಿ ಹುನಗುಂದಗಳ ಸೀಮೆಯಲ್ಲಿ ಹಳ್ಳಿಯ ವೃದ್ಧರಿಗೆ ಪೂರ್ವದ ಎಲ್ಲೆಗಳ ನೆನಪು ಇನ್ನೂ ಇದೆ. ಅಲ್ಲಿನ ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಅದನ್ನು ಬರೆದಿಟ್ಟರೆ ಮುಂದಿನ ಸಂಶೋಧಕರಿಗೆ ಮಹೋಪಕಾರವಾದೀತು.