ಕೆಳಗಿನವನ ಪಾಲಿನ ನೀರು: ಅರಲ್ ಸಮುದ್ರದ ಚರಿತ್ರೆ

ಇಮಾಮ್ ತಿರ್ಮಿದಿ(ರ)ಯವರ ಹೆಸರು ನಮಗೆಲ್ಲ ಗೊತ್ತು. ಅವರ ಊರಾದ ತಿರ್ಮಿದ್ ಇರುವುದು ಅಮು ದರ್ಯಾ ನದಿಯ ದಂಡೆಯಲ್ಲಿ. ಅರಬ್ ಭೂಗೋಳಕಾರರು ಈ ನದಿಯನ್ನು ಜೈಹೂನ್ ಎಂದರು. ಬುಖಾರ, ಸಮರ್‌ಕಂದ್‌ಗಳಿರುವ ನಾಡಿಗೆ ‘ಮಾವರಾಉನ್ನಹ್ರ್’, ಅಂದರೆ ನದಿಯಾಚೆಯ ನಾಡು ಎಂಬ ಹೆಸರು ಬಂದದ್ದು ಇದೇ ನದಿಯಿಂದ. ಆ ನಾಡಿನ ಇಮಾಮರ ಬಗ್ಗೆ ನಾವು ಬಹಳ ಓದುತ್ತೇವೆ. ಆ ನದಿಯ ನೀರು ಎಲ್ಲಿಗೆ ಹೋಗಿ ಸೇರುತ್ತಿತ್ತು, ಈಗ ಅಲ್ಲಿ ಏನಾಗಿದೆ ಎಂಬುದನ್ನೂ ತಿಳಿದುಕೊಳ್ಳಬೇಕು.

ಪಾಮೀರ್ ಪರ್ವತಗಳ ಹಿಮ ಕರಗಿ ಅಮು ದರ್ಯಾ ಹರಿಯುತ್ತದೆ. ತಿಯಾನ್ ಶಾನ್ ಪರ್ವತಗಳಿಂದ ಸಿರ್ ದರ್ಯಾ, ಅಂದರೆ ಸೈಹೂನ್, ಇಳಿಯುತ್ತದೆ. ಇವೆರಡೂ ಮರುಭೂಮಿಯನ್ನು ದಾಟಿ ಬಂದು ಸೇರುತ್ತಿದ್ದ ಜಾಗವೇ ಇಂದಿನ ಕಝಾಕಿಸ್ತಾನ ಮತ್ತು ಉಝ್ಬೆಕಿಸ್ತಾನಗಳ ನಡುವಿನ ಅರಲ್ ಸಮುದ್ರ. ಹೆಸರಿಗೆ ಸಮುದ್ರವಾದರೂ ಅದು ಉಪ್ಪು ನೀರಿನ ಸರೋವರ. ಅಲ್ಲಿಂದ ನೀರು ಹೊರಗೆ ಹರಿಯಲು ದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ನದಿಗಳು ತಂದಷ್ಟೇ ನೀರು ಆವಿಯಾಗುತ್ತಿದ್ದರೆ ಮಟ್ಟ ಹಾಗೆಯೇ ಇರುತ್ತದೆ. 1960ರಲ್ಲಿ ಇದರ ವಿಸ್ತೀರ್ಣ ಸುಮಾರು 68,000 ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು. ಆಗ ಅದು ಜಗತ್ತಿನ ನಾಲ್ಕನೇ ದೊಡ್ಡ ಸರೋವರವಾಗಿತ್ತು.

ಹಿಂದಿನ ಮುಸ್ಲಿಂ ವಿದ್ವಾಂಸರು ಇದನ್ನು ಖ್ವಾರಝ್ಮ್ ಸಮುದ್ರ ಎಂದು ಕರೆಯುತ್ತಿದ್ದರು. ಸರೋವರದ ದಕ್ಷಿಣಕ್ಕಿದ್ದ ಖ್ವಾರಝ್ಮ್ ವಿದ್ಯೆಗೆ ಹೆಸರಾದ ನಾಡು. ಬೀಜಗಣಿತಕ್ಕೆ ಅಡಿಪಾಯ ಹಾಕಿದ ಅಲ್-ಖ್ವಾರಿಝ್ಮಿಯವರ ಹೆಸರಿನಲ್ಲೇ ಆ ನಾಡಿದೆ. ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್-ಬಿರೂನಿಯವರು 973ರಲ್ಲಿ ಹುಟ್ಟಿದ್ದು ಅಲ್ಲಿನ ಕಾಥ್ ಪಟ್ಟಣದಲ್ಲಿ. ಜೈಹೂನ್ ತನ್ನ ಪಾತ್ರ ಬದಲಿಸುತ್ತಾ ಬಂದಿದೆ ಎಂಬುದನ್ನು ಅವರು ಆಗಲೇ ಬರೆದಿದ್ದರು. 14ನೇ ಶತಮಾನದಲ್ಲಿ ಅಲ್ಲಿಗೆ ಹೋದ ಇಬ್ನ್ ಬತೂತಾ ಅಲ್ಲಿನ ಕರಬೂಜ ಹಣ್ಣನ್ನು ಬಹಳ ಹೊಗಳಿದ್ದಾರೆ. ಅದನ್ನು ಹೋಳು ಮಾಡಿ ಬಿಸಿಲಲ್ಲಿ ಒಣಗಿಸಿ ಭಾರತ, ಚೀನಾಗಳಿಗೂ ಕಳಿಸುತ್ತಿದ್ದರಂತೆ.

ಈ ಸರೋವರ ಹಿಂದೆಯೂ ಕುಗ್ಗಿದ್ದುಂಟು. 1221ರಲ್ಲಿ ಮಂಗೋಲರು ಖ್ವಾರಝ್ಮಿನ ರಾಜಧಾನಿ ಗುರ್ಗಂಜ್ ಅನ್ನು ನಾಶ ಮಾಡಿದರು, ಕಟ್ಟೆಗಳನ್ನು ಒಡೆದರು. ಮಧ್ಯಯುಗದಲ್ಲಿ ಅಮು ದರ್ಯಾದ ನೀರು ಪಶ್ಚಿಮದ ಸರಿಕಮಿಶ್ ತಗ್ಗಿನ ಕಡೆಗೆ ತಿರುಗಿ, ಅರಲ್ ಬಹಳ ಇಳಿದಿತ್ತು. ನಮ್ಮ ಕಾಲದಲ್ಲಿ ನೀರು ಬತ್ತಿದ ಮೇಲೆ ಸರೋವರದ ತಳದಲ್ಲಿ, ಕೆರ್ದೆರಿ ಎಂಬಲ್ಲಿ, ಸುಮಾರು 14ನೇ ಶತಮಾನದ ಮುಸ್ಲಿಂ ಗೋರಿ ಕಟ್ಟಡದ ಅವಶೇಷಗಳು ಸಿಕ್ಕವು. ಅಂದು ಅಲ್ಲಿ ಜನ ಮಯ್ಯಿತ್ ದಫನ ಮಾಡುತ್ತಿದ್ದರು. ಮುಂದೆ ನದಿ ಮತ್ತೆ ಅರಲ್ ಕಡೆಗೆ ತಿರುಗಿತು. ಗೋರಿ ನೀರಿನಡಿ ಹೋಯಿತು, ಸರೋವರ ತುಂಬಿತು.

20ನೇ ಶತಮಾನದಲ್ಲಿ ಆದದ್ದು ಬೇರೆ. ಸೋವಿಯತ್ ಸರಕಾರ ಮರುಭೂಮಿಯಲ್ಲಿ ಹತ್ತಿ ಬೆಳೆಯಲು ಹೊರಟಿತು. ಹತ್ತಿಗೆ ‘ಬಿಳಿ ಬಂಗಾರ’ ಎಂಬ ಹೆಸರಿತ್ತು. 1954ರಲ್ಲಿ ಆರಂಭಿಸಿದ ಕರಾಕುಮ್ ಕಾಲುವೆ 1,300 ಕಿ.ಮೀ.ಗಿಂತಲೂ ಉದ್ದವಾಯಿತು. ಬರೀ ಮಣ್ಣಿನ ಕಾಲುವೆಯಾದ್ದರಿಂದ ಬಹಳಷ್ಟು ನೀರು ಮರಳಿಗೇ ಇಂಗಿತು. ಅರಲ್ ಕುಗ್ಗುತ್ತದೆ ಎಂಬುದು ಯೋಜನೆ ಮಾಡಿದವರಿಗೆ ತಿಳಿದೇ ಇತ್ತು. ಮೀನಿಗಿಂತ ಹತ್ತಿಯೇ ಲಾಭ ಎಂದು ಅವರು ಲೆಕ್ಕ ಹಾಕಿದರು.

ಅರಲ್‌ನ ಬೆಸ್ತರು ಎಂಥವರು? 1921ರಲ್ಲಿ ರಷ್ಯಾದ ವೋಲ್ಗಾ ಪ್ರದೇಶದಲ್ಲಿ ಕ್ಷಾಮ ಬಂದು ಲೆನಿನ್ ನೆರವು ಕೇಳಿದಾಗ, ಅವರು 14 ರೈಲು ಬೋಗಿ ಮೀನು ಕಳಿಸಿದ್ದರು. ನಾಲ್ಕು ದಶಕಗಳ ನಂತರ ಅವರ ನೀರನ್ನು ತೆಗೆದುಕೊಳ್ಳುವಾಗ ಅವರನ್ನು ಯಾರೂ ಕೇಳಲಿಲ್ಲ. ಉಪ್ಪು ಹೆಚ್ಚಿ ಮೀನು ಸತ್ತವು. 1980ರ ದಶಕದ ಆರಂಭಕ್ಕೆ ಮೀನುಗಾರಿಕೆ ನಿಂತಿತು. ಬಂದರು ಪಟ್ಟಣವಾಗಿದ್ದ ಮೊಯ್ನಾಕ್‌ನಿಂದ ನೀರು ಹತ್ತಾರು ಕಿ.ಮೀ. ದೂರ ಸರಿಯಿತು, ಹಡಗುಗಳು ಮರಳಿನಲ್ಲಿ ತುಕ್ಕು ಹಿಡಿದವು. ಕೆಲಸಗಾರರ ಕೆಲಸ ಉಳಿಸಲು ದೂರದ ಕಡಲುಗಳ ಮೀನನ್ನು ಆ ಊರಿನ ಕಾರ್ಖಾನೆಗೆ ತರಿಸುತ್ತಿದ್ದರು. ಬತ್ತಿದ ತಳದಿಂದ ಉಪ್ಪು ಮತ್ತು ಕೀಟನಾಶಕ ಬೆರೆತ ಧೂಳು ಏಳತೊಡಗಿತು. ಆ ಸೀಮೆಯ ತಾಯಂದಿರಲ್ಲಿ ರಕ್ತಹೀನತೆ, ಮಕ್ಕಳಲ್ಲಿ ಉಸಿರಾಟದ ಕಾಯಿಲೆ ಹೆಚ್ಚಾದವು. 2014ರಲ್ಲಿ ದಕ್ಷಿಣ ಅರಲ್‌ನ ಪೂರ್ವ ಭಾಗ ಪೂರ್ತಿ ಒಣಗಿತು.

ಆದರೂ ನಿರಾಶರಾಗಬೇಕಿಲ್ಲ. 2005ರಲ್ಲಿ ಕಝಾಕಿಸ್ತಾನವು ವಿಶ್ವಬ್ಯಾಂಕಿನ ನೆರವಿನಿಂದ ಕೊಕರಾಲ್ ಅಣೆಕಟ್ಟು ಕಟ್ಟಿ, ಸಿರ್ ದರ್ಯಾದ ನೀರನ್ನು ಉತ್ತರದ ಚಿಕ್ಕ ಅರಲ್‌ನಲ್ಲಿ ನಿಲ್ಲಿಸಿತು. ಕೆಲವೇ ತಿಂಗಳಲ್ಲಿ ಮಟ್ಟ ಏರಿತು, ಉಪ್ಪು ಇಳಿಯಿತು, ಮೀನು ಮರಳಿ ಬಂದವು, ಬೆಸ್ತರೂ ಮರಳಿದರು. ದಕ್ಷಿಣದ ದೊಡ್ಡ ಭಾಗಕ್ಕೆ ಮಾತ್ರ ಆ ಭಾಗ್ಯ ಸಿಗಲಿಲ್ಲ.

ಈಗ ಅಮು ದರ್ಯಾದ ಮೇಲೆ ಹೊಸ ಪ್ರಶ್ನೆ ಎದ್ದಿದೆ. 2022ರಿಂದ ಅಫ್ಘಾನಿಸ್ತಾನ ಸುಮಾರು 285 ಕಿ.ಮೀ. ಉದ್ದದ ಕೋಶ್ ತೆಪಾ ಕಾಲುವೆಯನ್ನು ತೋಡುತ್ತಿದೆ. ದಶಕಗಳ ಯುದ್ಧದಲ್ಲಿ ಬೆಂದ ಆ ಬಡ ಜನರಿಗೂ ನದಿಯಲ್ಲಿ ಹಕ್ಕಿದೆ, ಅವರ ಮಕ್ಕಳಿಗೂ ಗೋಧಿ ಬೇಕು. ಆದರೆ ಕೆಳಗೆ ಉಝ್ಬೆಕಿಸ್ತಾನ ಮತ್ತು ತುರ್ಕಮೆನಿಸ್ತಾನಗಳ ರೈತರೂ ಅದೇ ನೀರನ್ನು ನಂಬಿದ್ದಾರೆ. ಮೇಲಿನವರೂ ಮುಸ್ಲಿಮರು, ಕೆಳಗಿನವರೂ ಮುಸ್ಲಿಮರು. ಈ ಸಲ ದೂರದ ಮಾಸ್ಕೋದ ಮೇಲೆ ಹೊರೆ ಹೊರಿಸುವಂತಿಲ್ಲ.

ಇಂಥ ವ್ಯಾಜ್ಯಕ್ಕೆ ನಮ್ಮಲ್ಲಿ ಹಳೆಯ ತೀರ್ಪೊಂದಿದೆ. ಮದೀನಾದ ಮಹ್‌ಝೂರ್ ತೊರೆಯ ನೀರಿನ ಬಗ್ಗೆ ಪ್ರವಾದಿ(ಸ)ಯವರು ತೀರ್ಮಾನ ಕೊಟ್ಟರು: ಮೇಲಿನ ಹೊಲದವನು ಕಾಲಿನ ಗಿಣ್ಣು ಮುಳುಗುವಷ್ಟು ನೀರು ನಿಲ್ಲಿಸಿಕೊಳ್ಳಬಹುದು, ಆಮೇಲೆ ಕೆಳಗಿನವನಿಗೆ ಬಿಡಬೇಕು. ಮೇಲಿನವನಿಗೆ ಮೊದಲ ಹಕ್ಕು ಉಂಟು, ಆ ಹಕ್ಕಿಗೆ ಅಳತೆಯೂ ಉಂಟು. ಅರಲ್‌ನ ವಿಷಯದಲ್ಲಿ ಮೀರಿದ್ದು ಈ ಅಳತೆಯನ್ನೇ. ನದಿ ತಾನಾಗಿ ಪಾತ್ರ ಬದಲಿಸಿದಾಗ ಸರೋವರ ಮತ್ತೆ ತುಂಬಿತ್ತು. ಮನುಷ್ಯನ ಆಸೆ ನೀರನ್ನು ತಡೆದಾಗ ಒಂದೇ ತಲೆಮಾರಿನಲ್ಲಿ ಬತ್ತಿತು. ಕೆಳಗಿನವನ ಪಾಲನ್ನು ನೆನಪಿಡುವ ಬುದ್ಧಿಯನ್ನು ಅಲ್ಲಾಹನು ಆ ನಾಡಿನ ಆಳುವವರಿಗೂ ನಮಗೂ ಕೊಡಲಿ. ಆಮೀನ್.